ಗಂಗಣ್ಣನ ಸೆಂಡ್ ಆಫ್

ನನಗೆ ಇಂಗ್ಲಿಷ್ ಬರುವುದಿಲ್ಲ ಎಂಬ ವಿಷಯ ನನ್ನ ನಲವತ್ತನಾಲ್ಕನೆಯ ವಯಸ್ಸಿನವರೆಗೂ ಇಬ್ಬರಿಗೆ ಮಾತ್ರ ಗೊತ್ತಿತ್ತು. ಒಬ್ಬ ನಾನು, ಇನ್ನೊಬ್ಬಳು ನನ್ನ ಹೆಂಡತಿ ಕಮಲ. ನಾನು ನಾಚಿಕೆಗೆ ಹೇಳಲಿಲ್ಲ, ಅವಳು ಮರ್ಯಾದೆಗೆ ಹೇಳಲಿಲ್ಲ. ಉಳಿದಂತೆ ಹಾನುಬಾಳಿನಿಂದ ವನಗೂರಿನವರೆಗೆ ಮೇಲಿನ ಎಸ್ಟೇಟಿನ ರೈಟ್ರಿಗೆ ಇಂಗ್ಲಿಷ್ ಅಂದ್ರೆ ನೀರು ಕುಡಿದಂಗೆ ಎಂಬ ಮಾತು ಹಬ್ಬಿತ್ತು. ಹಬ್ಬಿಸಿದವರು ಯಾರೋ ಗೊತ್ತಿಲ್ಲ. ತಡೆಯಲು ನಾನು ಯಾವ ಪ್ರಯತ್ನವನ್ನೂ ಮಾಡಲಿಲ್ಲ ಎಂದು ಮಾತ್ರ ಒಪ್ಪಿಕೊಳ್ಳುತ್ತೇನೆ. ರೈಟರ್ ಎಂದರೆ ಕಥೆ ಕಾದಂಬರಿ ಬರೆಯುವವನಲ್ಲ. ಕಾಫಿ ತೋಟದಲ್ಲಿ ಆಳುಗಳ ಹಾಜರಿ ಬರೆಯುವವನು, ಸ್ಟೋರಿನ ಬೀಗ ಇಟ್ಟುಕೊಳ್ಳುವವನು, ಹೆಡ್ ಆಫೀಸಿಗೆ ಕಾಗದ ಹಾಕುವವನು. ಯಾರ ಮನೆಗೆ ಟೆಲಿಗ್ರಾಂ ಬಂದರೂ ನನ್ನ ಹತ್ತಿರ ತರುತ್ತಿದ್ದರು. ಟೆಲಿಗ್ರಾಂ ಓದುವುದು ಅಂಥ ಕಷ್ಟವೇನಲ್ಲ. ಅದರಲ್ಲಿರುವುದೇ ನಾಲ್ಕು ಪದ, ತಂದವರ ಮನೆಯಲ್ಲಿ ಯಾರು ಹಾಸಿಗೆ ಹಿಡಿದಿದ್ದಾರೆಂದು ಮೊದಲೇ ಗೊತ್ತಿರುತ್ತಿತ್ತು. ಔಷಧಿ ಬಾಟಲಿ ತಂದರೆ ಕನ್ನಡಕ ಏರಿಸಿ ಎರಡು ನಿಮಿಷ ನೋಡಿ, 'ಚೆನ್ನಾಗಿ ಅಲ್ಲಾಡಿಸಿ, ಊಟ ಆದಮೇಲೆ ಕುಡಿ' ಎನ್ನುತ್ತಿದ್ದೆ. ದೇವರ ದಯೆ, ಇಷ್ಟು ವರ್ಷದಲ್ಲಿ ಯಾರಿಗೂ ಏನೂ ಆಗಲಿಲ್ಲ.

ಹಾಗೆಂದು ನಾನು ಪೂರಾ ದಡ್ಡನೂ ಅಲ್ಲ. ಇಂಗ್ಲಿಷ್ ಪದಗಳು ಒಂಟಿಯಾಗಿ ಬಂದರೆ ಅವುಗಳನ್ನು ಎದುರಿಸುವ ಶಕ್ತಿ ನನಗಿತ್ತು. ಗಿವ್ ಎಂದರೆ ಕೊಡು. ಅಪ್ ಎಂದರೆ ಮೇಲೆ. ಇದರಲ್ಲಿ ಯಾರೂ ನನ್ನನ್ನು ಸೋಲಿಸುವಂತಿರಲಿಲ್ಲ. ಆದರೆ ಇವೆರಡೂ ಜೊತೆಯಾಗಿ ಬಂದು ಗಿವ್ ಅಪ್ ಎಂದು ನಿಂತರೆ ಮೇಲಕ್ಕೆ ಕೊಡು ಎಂದಾಗಬೇಕಲ್ಲ, ಆಗುವುದಿಲ್ಲವಂತೆ, ಬಿಟ್ಟುಬಿಡು ಎಂದಾಗುತ್ತದಂತೆ. ಕೊಡುವುದೂ ಹೋಯಿತು, ಮೇಲೂ ಹೋಯಿತು, ಎಲ್ಲಿಂದಲೋ ಬಿಡುವುದು ಬಂತು. ಲುಕ್ ಆಫ್ಟರ್ ಎಂದರೆ ಆಮೇಲೆ ನೋಡು ಎಂದು ನಾನು ಬಹಳ ವರ್ಷ ತಿಳಿದಿದ್ದೆ. ಹಿಂದಿನ ಮ್ಯಾನೇಜರು ನರ್ಸರಿಯ ಗಿಡಗಳ ಬಗ್ಗೆ ಹಾಗೆ ಬರೆದು ರಜೆ ಹೋಗಿದ್ದಾಗ ನಾನು ಅವನ್ನು ಆಮೇಲೆಯೇ ನೋಡಿದೆ. ಆಗ ನೋಡುವುದಕ್ಕೆ ಕಡ್ಡಿಗಳು ಮಾತ್ರ ಉಳಿದಿದ್ದವು. ಕ್ರಿಯಾಪದದ ಹಿಂದೆ ಬಾಲದ ಹಾಗೆ ಅಂಟಿಕೊಳ್ಳುವ ಈ ಅಪ್ಪು, ಆಫು, ಔಟುಗಳನ್ನು ಕಂಡರೆ ನನಗೆ ಅಂದಿನಿಂದಲೂ ಎದೆ ಡವಡವ ಎನ್ನುತ್ತದೆ.

ನ್ಯಾಯವಾಗಿ ನೋಡಿದರೆ ನಮ್ಮ ಭಾಷೆಯೇನು ಕಡಿಮೆಯಿಲ್ಲ. ನಮ್ಮ ಹೊಸ ಮ್ಯಾನೇಜರು ಊಟಿ ಕಡೆಯ ಟೀ ತೋಟದಿಂದ ಬಂದವರು. ಒಳ್ಳೆಯ ಮನುಷ್ಯ, ಯಾರ ಮೇಲೂ ಕೂಗಾಡಿದವರಲ್ಲ. ಬಂದ ಮೂರೇ ತಿಂಗಳಲ್ಲಿ ಕನ್ನಡ ಕಲಿತಿದ್ದರು, ಅಂದರೆ ನಾನು ಇಂಗ್ಲಿಷ್ ಕಲಿತಷ್ಟು ಕಲಿತಿದ್ದರು. ಒಂದು ದಿನ ಗೇಟಿನ ವಾಚ್‌ಮನ್ ತಲೆ ಕೆರೆದುಕೊಂಡು ನಿಂತು, 'ಸಾ, ನಮ್ ದೊಡ್ಡಪ್ಪ ಹೋಗ್ಬುಟ್ಟ' ಎಂದ. ಸಾಹೇಬರು ಪ್ರೀತಿಯಿಂದ, 'ಯಾವಾಗ ವಾಪಸ್ ಬರ್ತಾರೆ?' ಎಂದು ಕೇಳಿದರು. ವಾಚ್‌ಮನ್ ಆಕಾಶ ನೋಡಿದ. 'ಬಂದ್ರೆ ಬಂಗಲೆಗೆ ಕರ್ಕೊಂಡು ಬಾ' ಎಂದು ಸಾಹೇಬರು ಇನ್ನೂ ಪ್ರೀತಿಯಿಂದ ಹೇಳಿದರು. ಹೋಗು ಗೊತ್ತಿತ್ತು, ಬಿಡು ಗೊತ್ತಿತ್ತು, ಎರಡೂ ಸೇರಿದರೆ ಒಮ್ಮೊಮ್ಮೆ ಮನುಷ್ಯ ಸತ್ತೇಹೋಗುತ್ತಾನೆ ಎಂದು ಅವರಿಗೆ ಯಾರು ಹೇಳಬೇಕು? ಅಂದು ನಾನು ಬಾಗಿಲ ಮರೆಯಲ್ಲಿ ನಿಂತು ಹೊಟ್ಟೆ ಹಿಡಿದುಕೊಂಡು ನಕ್ಕಿದ್ದೆ. ಆ ನಗುವಿಗೆ ನಾನು ತೆತ್ತ ದಂಡವನ್ನೇ ಈಗ ಹೇಳುತ್ತಿರುವುದು.

ದೀಪಾವಳಿ ಕಳೆದ ವಾರ. ಹಣ್ಣು ಕೊಯ್ಲು ಶುರುವಾಗಲು ಇನ್ನೂ ಒಂದೂವರೆ ತಿಂಗಳಿತ್ತು. ಗುರುವಾರ ಬೆಳಗ್ಗೆ ಸಾಹೇಬರು, ತಾಯಿಗೆ ಹುಷಾರಿಲ್ಲವೆಂದು ಫೋನ್ ಬಂದು, ಅವಸರದಲ್ಲಿ ಊರಿಗೆ ಹೊರಟರು. ಹೋಗುವಾಗ ಡ್ರೈವರ್ ಕೈಯಲ್ಲಿ ನನಗೊಂದು ಚೀಟಿ, ಅದರ ಜೊತೆ ಅಂಟು ಹಾಕಿದ ಒಂದು ಲಕೋಟೆ ಕಳಿಸಿದರು. ಲಕೋಟೆಯ ಮೇಲೆ ಗಂಗಣ್ಣನ ಹೆಸರಿತ್ತು. ಚೀಟಿಯಲ್ಲಿದ್ದದ್ದು ಇಷ್ಟೇ: 'ಸೆಂಡ್ ಗಂಗಣ್ಣ ಆಫ್ ಆನ್ ಸ್ಯಾಟರ್‌ಡೇ. ಗಿವ್ ಹಿಮ್ ದಿಸ್ ಕವರ್ ಅಂಡ್ ಎ ಗುಡ್ ಶಾಲ್. ದೇವರಾಜು ವಿಲ್ ಫಿಲ್ ಇನ್. ಹೆಡ್ ಆಫೀಸ್ ನೋಸ್.'

ಗಂಗಣ್ಣ ನಮ್ಮ ಪಲ್ಪರ್ ಮನೆಯ ಮೇಸ್ತ್ರಿ. ಪಲ್ಪರ್ ಎಂದರೆ ಕಾಫಿ ಹಣ್ಣಿನ ಸಿಪ್ಪೆ ಸುಲಿಯುವ ಯಂತ್ರ. ಅದು ಗಂಗಣ್ಣನಿಗಿಂತ ಹಳೆಯದು, ಅವನ ಮಾತು ಬಿಟ್ಟು ಬೇರೆ ಯಾರ ಮಾತನ್ನೂ ಕೇಳುತ್ತಿರಲಿಲ್ಲ. ದೂರದ ರಸ್ತೆಯಲ್ಲಿ ನಿಂತು ಸದ್ದು ಕೇಳಿಯೇ ಯಾವ ಬೋಲ್ಟು ಸಡಿಲವಾಗಿದೆ ಎಂದು ಹೇಳುತ್ತಿದ್ದ. ವಯಸ್ಸು ಐವತ್ತಾರೋ ಐವತ್ತೇಳೋ, ಅವನಿಗೂ ಸರಿಯಾಗಿ ಗೊತ್ತಿರಲಿಲ್ಲ. ಮಕ್ಕಳಿರಲಿಲ್ಲ. ಅವನೂ ಅವನ ಹೆಂಡತಿ ಕೆಂಚಮ್ಮನೂ ಎಸ್ಟೇಟಿನ ಲೈನಿನ, ಅಂದರೆ ಆಳುಗಳ ಸಾಲುಮನೆಗಳ, ಕೊನೆಯ ಮನೆಯಲ್ಲಿದ್ದರು. ಆ ಲೈನ್ ಮನೆ ಕೆಲಸವಿರುವವರೆಗೆ ಮಾತ್ರ. ಕೆಲಸ ಬಿಟ್ಟ ದಿನ ಮನೆಯನ್ನೂ ಬಿಡಬೇಕು.

ಚೀಟಿ ಓದಿ ನನಗೆ ಕಣ್ಣು ಕತ್ತಲೆ ಬಂದ ಹಾಗಾಯಿತು. ಸೆಂಡ್ ಆಫ್ ಎಂದರೆ ಏನೆಂದು ನಮ್ಮ ಕಡೆ ಹುಟ್ಟಿದ ಯಾರಿಗೆ ಗೊತ್ತಿಲ್ಲ? ಮೇಷ್ಟ್ರು ರಿಟೈರಾದರೆ ಸೆಂಡ್ ಆಫ್, ಪೋಸ್ಟ್‌ಮಾಸ್ಟರಿಗೆ ವರ್ಗವಾದರೆ ಸೆಂಡ್ ಆಫ್. ಹಾರ, ಹಣ್ಣಿನ ಬುಟ್ಟಿ, ಭಾಷಣ, ಉಪ್ಪಿಟ್ಟು. ಆದರೂ ಒಬ್ಬನ ಅನ್ನದ ಪ್ರಶ್ನೆ ಎಂದುಕೊಂಡು ಸ್ಟೋರಿನಲ್ಲಿದ್ದ ಹಳೆಯ ನಿಘಂಟು ತೆಗೆದು ನೋಡಿದೆ. ಸೆಂಡ್ ಆಫ್ ಎಂಬುದರ ಎದುರಿಗೆ, ಬೀಳ್ಕೊಡುಗೆ ಸಮಾರಂಭ ಎಂದು ಸ್ಪಷ್ಟವಾಗಿ ಅಚ್ಚಾಗಿತ್ತು. ಪಕ್ಕದಲ್ಲಿ ಚಿಕ್ಕದಾಗಿ 'ನಾ.' ಎಂದೂ ಇತ್ತು. ಅದು ನಾಮಪದ, ಕ್ರಿಯಾಪದವಾದರೆ ಬೇರೆ ಕಥೆ ಎಂದು ಆ ನಿಘಂಟು ನನಗೆ ಎಚ್ಚರಿಕೆ ಕೊಡುತ್ತಿತ್ತು ಎಂದು ಈಗ ಹೊಳೆಯುತ್ತದೆ. ಆಗ ನಾನು ಅಚ್ಚು ಹಾಕಿದವನ ಕೈತಪ್ಪಿರಬೇಕು ಎಂದುಕೊಂಡೆ. ಮೇಲಾಗಿ ಶಾಲು ಬೇರೆ ಕೊಡಲು ಹೇಳಿದ್ದರು. ಶಾಲು ಹೊದಿಸುವುದೆಂದರೆ ಸನ್ಮಾನವಲ್ಲದೆ ಇನ್ನೇನು? ಹೆಡ್ ಆಫೀಸಿಗೂ ಗೊತ್ತು ಎಂದರೆ ಆರ್ಡರೇ ಆಗಿದೆ. ಲಕೋಟೆಯಲ್ಲಿರುವುದು ಆ ಆರ್ಡರು. ದೇವರಾಜು ಫಿಲ್ ಇನ್ ಮಾಡುತ್ತಾನೆ ಎಂದರೆ ಯಾವುದೋ ಫಾರಂ ತುಂಬಬೇಕು. ಎಲ್ಲವೂ ಒಂದಕ್ಕೊಂದು ಕೂಡಿಕೊಂಡವು. ತಪ್ಪು ಅರ್ಥ ಇಷ್ಟು ಚೆನ್ನಾಗಿ ಕೂಡಿಕೊಳ್ಳುವುದನ್ನು ನಾನು ನನ್ನ ಜನ್ಮದಲ್ಲಿ ಬೇರೆಲ್ಲೂ ನೋಡಿಲ್ಲ.

ಕಮಲ ಮಾತ್ರ, 'ಅಲ್ರೀ, ಹೋದ ವಾರ ಅವನ ಕೆಲಸ ಹೊಗಳಿದ ಸಾಹೇಬರು ಈ ವಾರ ಯಾಕೆ ಕಳಿಸ್ತಾರೆ? ಒಂದ್ಸಲ ಫೋನ್ ಮಾಡಿ ಕೇಳಿ' ಎಂದಳು. ಸಾಹೇಬರ ಊಟಿ ಮನೆಯ ನಂಬರು ಬಂಗಲೆಯ ಗೋಡೆಯ ಮೇಲೇ ಬರೆದಿತ್ತು. ನಾನು, 'ತಾಯಿಗೆ ಹುಷಾರಿಲ್ಲದ ಮನುಷ್ಯನಿಗೆ ಇದಕ್ಕೆಲ್ಲ ತೊಂದರೆ ಕೊಡೋದಾ?' ಎಂದು ಗಂಭೀರವಾಗಿ ಹೇಳಿದೆ. ನಿಜ ಏನೆಂದರೆ, ಫೋನು ಮಾಡಿದರೆ ಚೀಟಿ ಅರ್ಥವಾಗಿಲ್ಲ ಎಂದು ಒಪ್ಪಿಕೊಂಡಂತೆ. ಇಪ್ಪತ್ತು ವರ್ಷ ಕಾಪಾಡಿಕೊಂಡು ಬಂದ ಇಂಗ್ಲಿಷನ್ನು ಒಂದು ಫೋನಿನಲ್ಲಿ ಕಳೆದುಕೊಳ್ಳಲು ಮನಸ್ಸಾಗಲಿಲ್ಲ.

ಸಂಜೆ ಗಂಗಣ್ಣನಿಗೆ ಸುದ್ದಿ ಹೇಳಿದೆ. ಅವನು ಎಣ್ಣೆಯ ಕೈಯನ್ನು ಬಟ್ಟೆಗೆ ಒರೆಸಿಕೊಂಡ. 'ನಾನೇನ್ ತಪ್ಪು ಮಾಡ್ದೆ ರೈಟ್ರೇ?' ಎಂದ. ತಪ್ಪೇನೂ ಇಲ್ಲ, ವಯಸ್ಸಾಯಿತಲ್ಲ, ಇದು ಗೌರವ ಎಂದೆ. 'ಗೌರವ ಇಟ್ಕೊಂಡು ಎಲ್ಲಿಗೋಗ್ಲಿ? ಹೊಸ ಮಿಷನ್ ಬತ್ತದೆ ಅಂತಿದ್ರು. ಅದ್ಕೇ ನಾನು ಬ್ಯಾಡ ಆಗಿರ್ಬೇಕು' ಎಂದ. ಆಮೇಲೆ ತಗ್ಗಿದ ದನಿಯಲ್ಲಿ, 'ಒಂದು ಮಾತು ಸಾಹೇಬ್ರನ್ನ ಕೇಳಿ ನೋಡ್ಬೌದಲ್ವಾ?' ಎಂದ. 'ಕೇಳೋಕೇನೈತೆ ಗಂಗಣ್ಣ, ಬರ್ದಿರೋದು ಸ್ಪಷ್ಟವಾಗೈತೆ' ಎಂದು ಚೀಟಿಯನ್ನು ಅವನ ಮುಖದ ಮುಂದೆ ಹಿಡಿದೆ. ಅವನು ಅದನ್ನು ನೋಡಿ ತಲೆಯಾಡಿಸಿದ. ನಾನೂ ನೋಡಿ ತಲೆಯಾಡಿಸಿದೆ. ಆ ಚೀಟಿಯ ಮಟ್ಟಿಗೆ ನಾವಿಬ್ಬರೂ ಸಮಾನರಾಗಿದ್ದೆವು, ಅವನು ಅದನ್ನು ಮುಚ್ಚಿಡಲಿಲ್ಲ ಅಷ್ಟೆ.

ಶುಕ್ರವಾರ ಶಾಲು ತರಲು ಬಾಳ್ಳುಪೇಟೆಗೆ ಹೋದೆ. ಬಟ್ಟೆ ಅಂಗಡಿಯವರು, 'ಸನ್ಮಾನಕ್ಕಾ, ಚಳಿಗಾ?' ಎಂದು ಕೇಳಿದರು. ನಮ್ಮಲ್ಲಿ ಶಾಲು ಎರಡು ಜಾತಿ. ಚಳಿಯ ಶಾಲು ದಪ್ಪ, ಬಣ್ಣ ಯಾವುದಾದರೂ ನಡೆಯುತ್ತದೆ. ಸನ್ಮಾನದ ಶಾಲಿಗೆ ಜರಿ ಇರುತ್ತದೆ, ಗಾಳಿ ಆಚೆಯಿಂದ ಈಚೆಗೆ ಸಲೀಸಾಗಿ ಓಡಾಡುತ್ತದೆ, ಫೋಟೋದಲ್ಲಿ ಚೆನ್ನಾಗಿ ಕಾಣುತ್ತದೆ. 'ಸನ್ಮಾನಕ್ಕೆ' ಎಂದೆ. ಮನೆಗೆ ಬಂದು ಕಾಗದದ ಮೇಲೆ ಸ್ಕೇಲ್ ಹಿಡಿದು ಗೆರೆ ಎಳೆದು ಒಂದು ಫಾರಂ ತಯಾರಿಸಿ ದೇವರಾಜುವಿನ ಮುಂದಿಟ್ಟೆ. ದೇವರಾಜು ಗೊಬ್ಬರ ಹಾಕಿಸುವ ಮೇಸ್ತ್ರಿ, ಬರೆಯುವುದೆಂದರೆ ಅವನಿಗೆ ಸಹಿ ಒಂದೇ. 'ನಾನ್ಯಾಕ್ ತುಂಬ್ಬೇಕು ರೈಟ್ರೇ?' ಎಂದ. ಸಾಹೇಬರ ಆರ್ಡರ್ ಎಂದೆ. ಪಾಪ, ಇದ್ದ ಎಲ್ಲ ಜಾಗದಲ್ಲೂ ತನ್ನ ಸಹಿಯನ್ನೇ ಹಾಕಿ ತುಂಬಿದ.

ಶನಿವಾರ ಕಾಫಿ ಒಣಗಿಸುವ ಕಣದಲ್ಲಿ ಸಮಾರಂಭ ನಡೆಯಿತು. ಬಂಗಲೆಯಿಂದ ಎರಡು ಕುರ್ಚಿ ತಂದು ಗಂಗಣ್ಣನನ್ನೂ ಕೆಂಚಮ್ಮನನ್ನೂ ಕೂರಿಸಿದೆವು. ಭಾಷಣ ನನ್ನದೇ. ಇಂಗ್ಲಿಷಿನಲ್ಲಿ ಶುರು ಮಾಡಬೇಕೆಂದಿದ್ದೆ, ಬಾಯಿ ತೆರೆದರೆ ಕನ್ನಡವೇ ಬಂತು. ಈ ಮನುಷ್ಯ ಒಂದು ದಿನವೂ ಯಂತ್ರದ ಮೇಲೆ ಕೈಮಾಡಿದವನಲ್ಲ, ಯಾರ ಮೇಲೂ ಚಾಡಿ ಹೇಳಿದವನಲ್ಲ, ಕೊಯ್ಲಿನ ದಿನಗಳಲ್ಲಿ ಹೆಂಡತಿಗೆ ಜ್ವರ ಬಂದಾಗಲೂ ಹಣ್ಣು ಕೊಳೆಯಲು ಬಿಡಲಿಲ್ಲ, ಇವನಂಥವನು ಈ ಎಸ್ಟೇಟಿಗೆ ಇನ್ನೊಬ್ಬ ಸಿಗುವುದಿಲ್ಲ ಎಂದೆಲ್ಲ ಹೇಳಿದೆ. ಹೇಳುತ್ತಾ ಹೇಳುತ್ತಾ ನಾನೇ ಅತ್ತುಬಿಟ್ಟೆ. ಹೆಂಗಸರೆಲ್ಲ ಸೆರಗು ಕಣ್ಣಿಗೆ ಒತ್ತಿಕೊಂಡರು. ಗಂಗಣ್ಣ ಮಾತ್ರ ನೆಲ ನೋಡುತ್ತಾ ಕೂತಿದ್ದ. ಶಾಲು ಹೊದಿಸಿ, ಹಾರ ಹಾಕಿ, ಲಕೋಟೆಯನ್ನು ಎರಡೂ ಕೈಯಲ್ಲಿ ಕೊಟ್ಟೆ. ಚಪ್ಪಾಳೆಯಾಯಿತು. ಕೆಂಚಮ್ಮ ತನ್ನ ಕೋಳಿಗಳನ್ನು ಪಕ್ಕದ ಮನೆಯವರಿಗೆ ಕೊಟ್ಟು, ಪಾತ್ರೆಗಳನ್ನು ಎರಡು ಗೋಣಿಚೀಲದಲ್ಲಿ ಕಟ್ಟಿದ್ದಳು. ಜೀಪು ಅವರನ್ನು ಬಾಳ್ಳುಪೇಟೆಗೆ ಒಯ್ದಿತು. ಅಲ್ಲಿಂದ ಅವರು ಬಸ್ಸು ಹಿಡಿದು ಆಲೂರಿನ ಹತ್ತಿರವಿದ್ದ ಅವಳ ತಮ್ಮನ ಮನೆಗೆ ಹೋದರು.

ಸೋಮವಾರ ಬೆಳಗ್ಗೆ ಸಾಹೇಬರ ಫೋನು ಬಂತು. 'ಗಂಗಣ್ಣನ್ನ ಸೆಂಡ್ ಆಫ್ ಮಾಡಿದೆಯಾ?' ಎಂದರು. ಬಹಳ ಚೆನ್ನಾಗಿ ಆಯಿತು ಸಾರ್, ಎಲ್ಲರೂ ಅತ್ತರು ಎಂದೆ. 'ಯಾಕೆ ಅತ್ತರು?' ಎಂದರು. ಅಷ್ಟು ವರ್ಷದ ಸಂಬಂಧವಲ್ಲವೇ ಸಾರ್ ಎಂದೆ. 'ಹತ್ತು ದಿನಕ್ಕೆ ಯಾರಾದರೂ ಅಳ್ತಾರಾ?' ಎಂದರು. ಯಾವ ಹತ್ತು ದಿನ ಎಂದು ನನಗೆ ಬಗೆಹರಿಯಲಿಲ್ಲ. 'ಮತ್ತೆ ಅವನು ಇನ್ನೂ ಯಾಕೆ ಕೊಯಮತ್ತೂರಿಗೆ ತಲುಪಿಲ್ಲ?' ಎಂದರು. ಕೊಯಮತ್ತೂರಿಗೂ ನಮ್ಮ ಗಂಗಣ್ಣನಿಗೂ ಏನು ಸಂಬಂಧ ಎಂದು ಕೇಳುವಷ್ಟರಲ್ಲಿ ಎಲ್ಲ ಹೊರಬಿತ್ತು. ಹೊಸ ಪಲ್ಪರ್ ಕೊಯಮತ್ತೂರಿನ ಕಾರ್ಖಾನೆಯಲ್ಲಿ ತಯಾರಾಗುತ್ತಿತ್ತು. ಅದನ್ನು ನಡೆಸುವುದು ಹೇಗೆಂದು ಹತ್ತು ದಿನ ಇದ್ದು ಕಲಿತು ಬರಲು ಗಂಗಣ್ಣನನ್ನು ಅಲ್ಲಿಗೆ ಕಳಿಸು ಎಂದು ಸಾಹೇಬರು ಬರೆದದ್ದು. ಲಕೋಟೆಯಲ್ಲಿದ್ದದ್ದು ಬಸ್ ಟಿಕೆಟ್ಟು ಮತ್ತು ಕಾರ್ಖಾನೆಗೊಂದು ಪತ್ರ. ಅವನಿಗೆ ಕೆಮ್ಮು, ಬಸ್ಸಿನ ಗಾಳಿಗೆ ಕಷ್ಟವಾದೀತು ಎಂದು ಶಾಲು. ಅವನು ಬರುವವರೆಗೆ ಅವನ ಕೆಲಸವನ್ನು ದೇವರಾಜು ನೋಡಿಕೊಳ್ಳಲಿ ಎಂದು ಫಿಲ್ ಇನ್. ಆಫ್ ಎಂಬ ಆ ಪುಟ್ಟ ಬಾಲ ಏನೂ ಮಾಡಿರಲಿಲ್ಲ, ಸುಮ್ಮನೆ ಕೂತಿತ್ತು. 'ಗಂಗಣ್ಣನಿಲ್ಲದೆ ಆ ಮಿಷನ್ ತಂದು ಏನು ಮಾಡಲಿ? ಗುರುವಾರದೊಳಗೆ ಅವನು ಅಲ್ಲಿರಬೇಕು' ಎಂದು ಸಾಹೇಬರು ಫೋನಿಟ್ಟರು. ಇಡುವ ಮುಂಚೆ ಇಂಗ್ಲಿಷಿನಲ್ಲಿ ಇನ್ನೂ ಏನೋ ಹೇಳಿದರು. ಅದು ಅರ್ಥವಾಗದಿದ್ದದ್ದೇ ಒಳ್ಳೆಯದಾಯಿತು.

ಮಂಗಳವಾರ ಮೊದಲ ಬಸ್ಸಿಗೆ ಆಲೂರಿಗೆ ಹೋದೆ. ದಾರಿಯುದ್ದಕ್ಕೂ ಏನು ಹೇಳಬೇಕೆಂದು ಕಟ್ಟಿಕೊಂಡು ಹೋಗಿದ್ದೆ. ಗಂಗಣ್ಣ ಬಾಮೈದನ ಮನೆಯ ಜಗಲಿಯ ಮೇಲೆ ಕೂತು, ಯಾರದೋ ಕೆಟ್ಟ ಸ್ಪ್ರೇಯರ್ ಬಿಚ್ಚಿಟ್ಟುಕೊಂಡಿದ್ದ. ಮೂರು ದಿನಕ್ಕೇ ಮುಖ ಇಳಿದುಹೋಗಿತ್ತು. ನಾನು ನಗುತ್ತಾ, 'ಗಂಗಣ್ಣ, ಒಳ್ಳೆ ಸುದ್ದಿ. ಸಾಹೇಬರು ಮನಸ್ಸು ಬದಲಾಯಿಸಿದಾರೆ, ವಾಪಸ್ ಬರಬೇಕಂತೆ' ಎಂದೆ. ಅವನು ತಲೆಯೆತ್ತಲಿಲ್ಲ. 'ಬ್ಯಾಡ ಬುಡಿ ರೈಟ್ರೇ. ಒಂದ್ಸಲ ಬ್ಯಾಡ ಅಂದೋರು ಇನ್ನೊಂದ್ಸಲ ಅನ್ನಲ್ಲ ಅಂತ ಏನ್ ಗ್ಯಾರಂಟಿ? ಹಾರ ಹಾಕುಸ್ಕೊಂಡು ಎಲ್ರ ಮುಂದೆ ಹೊಂಟು ಬಂದಿವ್ನಿ. ಸಾಹೇಬ್ರು ಮನ್ಸು ತಿರುಗಿದಂಗೆಲ್ಲ ಹೋಗಿ ಬಂದು ಮಾಡಾಕೆ ನಾನೇನು ಬಸ್ಸಾ?' ಎಂದ. ಒಳಗಿನಿಂದ ಕೆಂಚಮ್ಮ, 'ಕೋಳೀನೂ ಕೊಟ್ಬುಟ್ಟಿವ್ನಿ' ಎಂದಳು.

ಸಾಹೇಬರ ಮೇಲೆ ಹಾಕಿದರೆ ನನ್ನ ಮಾನ ಉಳಿಯುತ್ತದೆ, ಗಂಗಣ್ಣ ಉಳಿಯುವುದಿಲ್ಲ. ಬಾಮೈದ, ಅವನ ಹೆಂಡತಿ, ಸ್ಪ್ರೇಯರ್ ರಿಪೇರಿಗೆ ತಂದು ನಿಂತಿದ್ದವನು, ಎಲ್ಲರೂ ನನ್ನ ಮುಖವನ್ನೇ ನೋಡುತ್ತಿದ್ದರು. 'ಸಾಹೇಬರು ನಿನ್ನ ಬ್ಯಾಡ ಅನ್ನಲೇ ಇಲ್ಲ ಗಂಗಣ್ಣ' ಎಂದೆ. 'ಹೊಸ ಮಿಷನ್ ಕಲ್ತು ಬಾ ಅಂತ ಕೊಯಮತ್ತೂರಿಗೆ ಕಳ್ಸು ಅಂತ ಬರ್ದಿದ್ರು. ನಂಗೆ ಓದೋಕೆ ಬರಲಿಲ್ಲ. ನಂಗೆ ಇಂಗ್ಲಿಷ್ ಬರಲ್ಲ.' ಹೇಳಿದ ಮೇಲೆ ಮೈಯೆಲ್ಲ ಹಗುರಾಯಿತು ಎಂದು ಬರೆಯಬೇಕೆಂದು ಆಸೆ. ಹಾಗೇನೂ ಆಗಲಿಲ್ಲ, ಕಿವಿ ಬಿಸಿಯಾಗಿ ಸುಡುತ್ತಿತ್ತು.

ಗಂಗಣ್ಣ ಸ್ಪ್ರೇಯರ್ ಕೆಳಗಿಟ್ಟ. ಒಳಗೆ ಹೋಗಿ ಓದಲು ಬಾರದೆ ದೇವರ ಫೋಟೋದ ಹಿಂದೆ ಹಾಗೇ ಇಟ್ಟಿದ್ದ ಲಕೋಟೆ ತಂದು ಒಡೆದ. ಶನಿವಾರದ ಬಸ್ ಟಿಕೆಟ್ಟು ನೆಲಕ್ಕೆ ಬಿತ್ತು. ಅವನು ಅದನ್ನು ತಿರುಗಿಸಿ ಮುರುಗಿಸಿ ನೋಡಿದ. ಬಯ್ಯುತ್ತಾನೆ ಎಂದು ಕಾದೆ. ಅವನು, 'ಹಂಗಾರೆ ಕಣದಲ್ಲಿ ನನ್ ಬಗ್ಗೆ ಅಷ್ಟೊತ್ತು ಹೇಳಿದ್ರಲ್ಲ ರೈಟ್ರೇ, ಅದೂ ತಿಳೀದೆ ಹೇಳಿದ್ದಾ?' ಎಂದು ಕೇಳಿದ. ಈ ಪ್ರಶ್ನೆಗೆ ನಾನು ಬಸ್ಸಿನಲ್ಲಿ ಉತ್ತರ ಕಟ್ಟಿಕೊಂಡು ಬಂದಿರಲಿಲ್ಲ. 'ಅದು ಕನ್ನಡದಲ್ಲಿ ಹೇಳಿದ್ದು ಗಂಗಣ್ಣ. ಅದರಲ್ಲಿ ತಪ್ಪಿಲ್ಲ' ಎಂದೆ. ಅವನು ಕೆಂಚಮ್ಮನ ಕಡೆ ತಿರುಗಿ, 'ಚೀಲ ಬಿಚ್ಬ್ಯಾಡ ಕಣೇ' ಎಂದ.

ಗಂಗಣ್ಣ ಕೊಯಮತ್ತೂರಿಗೆ ಹೋಗಿ ಬಂದ, ಮಿಷನ್ನೂ ಬಂತು. ಕೆಂಚಮ್ಮನ ಕೋಳಿಗಳಲ್ಲಿ ಎರಡು ಮಾತ್ರ ವಾಪಸಾದವು. ಉಳಿದವುಗಳ ವಿಷಯ ನಾನು ವಿಚಾರಿಸಲು ಹೋಗಲಿಲ್ಲ. ಊಟಿಯಿಂದ ಬಂದ ಸಾಹೇಬರು ನನ್ನನ್ನು ಬಂಗಲೆಗೆ ಕರೆಸಿಕೊಂಡರು. ನಡೆದದ್ದನ್ನೆಲ್ಲ ಕೇಳಿದರು. ದೇವರಾಜು ತುಂಬಿದ ಫಾರಂ ನೋಡಿ ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. ಕೊನೆಗೆ, 'ಐ ವಿಲ್ ಲೆಟ್ ಯು ಆಫ್ ದಿಸ್ ಟೈಮ್' ಎಂದರು. 'ಯೆಸ್ ಸಾರ್' ಎಂದು ಹೇಳಿ ಹೊರಗೆ ಬಂದೆ.

ಲೆಟ್ ಎಂದರೆ ಬಿಡು. ಆಫ್ ಎಂದರೆ ಏನೆಂದು ಈಗ ಗೊತ್ತಾಗಿತ್ತು, ಆಚೆಗೆ ಕಳಿಸುವುದು. ಬಿಟ್ಟು ಆಚೆಗೆ ಕಳಿಸುತ್ತೇನೆ, ಈ ಸಲ. ಮನೆಗೆ ಬಂದು ಕಮಲಳಿಗೆ, 'ಕೆಲಸ ಹೋಯಿತು' ಎಂದೆ. ಅವಳು ಒಲೆಯ ಮುಂದಿನಿಂದ ಏಳದೆ, 'ಹೇಳುವಾಗ ಸಾಹೇಬರ ಮುಖ ಹೆಂಗಿತ್ತು?' ಎಂದಳು. ನಗುತ್ತಿದ್ದರು ಎಂದೆ. 'ಕೆಲಸದಿಂದ ತೆಗೆಯೋರು ನಗ್ತಾರೇನ್ರೀ?' ಎಂದಳು. ಇಂಗ್ಲಿಷಿನಲ್ಲಿ ನಗಬಹುದು ಎಂದೆ. ಹೋಗಿ ಕೇಳಿ ಬನ್ನಿ ಎಂದು ಅವಳು ಎರಡು ಸಲ ಹೇಳಿದಳು. ನಾನು ಹೋಗಲಿಲ್ಲ. ಮಾರನೆಯ ದಿನ ಕೆಲಸಕ್ಕೂ ಹೋಗಲಿಲ್ಲ. ಬೆಳಗಿನಿಂದ ಜಗಲಿಯ ಮೇಲೆ ಕೂತು ರಸ್ತೆ ನೋಡಿದೆ. ಕೆಲಸ ಹೋದದ್ದಕ್ಕಿಂತ ಹೆಚ್ಚು ಚುಚ್ಚುತ್ತಿದ್ದದ್ದು ಬೇರೆ. ಇಪ್ಪತ್ತು ವರ್ಷ ದುಡಿದವನಿಗೆ ಯಾರೂ ಒಂದು ಸೆಂಡ್ ಆಫ್ ಕೂಡ ಇಟ್ಟುಕೊಳ್ಳಲಿಲ್ಲವಲ್ಲ ಎಂದು.

ಹನ್ನೊಂದು ಗಂಟೆಗೆ ಗಂಗಣ್ಣ ಬಂದ. 'ಯಾಕ್ ರೈಟ್ರೇ, ಮೈಯಾಗೆ ಹುಸಾರಿಲ್ವಾ?' ಎಂದ. ವಿಷಯ ಹೇಳಿದೆ. 'ಸಾಹೇಬ್ರನ್ನ ಕೇಳಿದ್ರಾ?' ಎಂದ. ಇಲ್ಲ ಎಂದೆ. 'ಅಯ್ಯೋ ಮಾರಾಯ್ರಾ, ಕೇಳಿದ್ರೆ ಏನೋಯ್ತದೆ? ನೀವ್ ಕೂತಿರಿ, ನಾನ್ ಕೇಳ್ಕೊಂಡ್ ಬತ್ತೀನಿ' ಎಂದು, ನಾನು ಬೇಡ ಬೇಡ ಎನ್ನುತ್ತಿದ್ದಂತೆಯೇ ಬಂಗಲೆಯ ಏರು ಹತ್ತಿದ. ಇಂಗ್ಲಿಷಿನ ಒಂದಕ್ಷರ ಬರದ ಮನುಷ್ಯ, ಕೆಮ್ಮುತ್ತಾ, ನನ್ನ ಅನ್ನದ ವಿಷಯ ವಿಚಾರಿಸಲು ಹೋದ. ನಾನು ಆ ಅರ್ಧ ಗಂಟೆ ತಲೆ ತಗ್ಗಿಸಿಕೊಂಡು ಕೂತಿದ್ದೆ.

ತಿರುಗಿ ಬಂದವನು ಜಗಲಿಯ ಕೆಳಗೇ ನಿಂತು, 'ಈ ಒಂದ್ಸಲ ಮಾಫಿ ಮಾಡಿವ್ನಿ ಅಂತ ಹೇಳಿದ್ದಂತೆ ಸಾಹೇಬ್ರು. ಹಾಜರಿ ಬರೆಯೋರಿಲ್ಲ, ನಡೀರಿ' ಎಂದ.

ನಾನು ಅಂಗಿಯ ಗುಂಡಿ ಹಾಕಿಕೊಳ್ಳುತ್ತಾ, 'ನನಗೂ ಹಾಗೇ ಇರಬೇಕು ಅನ್ನಿಸಿತ್ತು' ಎಂದೆ.